ಹುಣಸೆ ಏರಿನ ಮೇಲೆ ಗಿರಿಜವ್ವ ಒದರಿದ್ದು

ಗಿರಿಜವ್ವನ ದನಿ ನಾಲ್ಕು ಹೊಲ ದಾಟಿ ಕೇಳುತ್ತಿತ್ತು. ತಮಗೂ ಕೇಳುತ್ತದೆಂದು ಐದನೆಯ ಹೊಲದವರು ಹೇಳುತ್ತಿದ್ದರು. ಆದರೆ ಅವರಿಗೂ ಇವಳ ಮನೆಯವರಿಗೂ ಬದುವಿನ ಜಗಳವಿದ್ದುದರಿಂದ ಆ ಮಾತನ್ನು ಯಾರೂ ನಂಬಲಿಲ್ಲ.

ಆ ದನಿ ಹುಟ್ಟಿನಿಂದ ಬಂದದ್ದಲ್ಲ, ಜೋಳದಿಂದ ಬಂದದ್ದು. ಚಿಕ್ಕೋಡಿ ದಾಟಿ ರಾಯಬಾಗದ ದಾರಿ ಹಿಡಿದರೆ ಒಂದು ಏರು ಸಿಗುತ್ತದೆ. ಏರಿನ ನೆತ್ತಿಯ ಮೇಲೆ ಹುಣಸೆಮರ, ಮರದ ಹತ್ತಿರ ಬಾವಿ, ಬಾವಿಯ ಆಚೆ ಅವರ ಹೊಲ. ಮದುವೆಯಾಗಿ ಬಂದ ವರ್ಷವೇ ಅತ್ತೆ ಅವಳನ್ನು ಹಕ್ಕಿ ಕಾಯಲು ಅಟ್ಟಣಿಗೆ ಹತ್ತಿಸಿದಳು. ಜೋಳ ಹಾಲುಗಾಳಾದ ಮೇಲೆ ಹಕ್ಕಿಗಳಿಗಿಂತ ಮೊದಲು ಏಳಬೇಕು, ಅವು ಗೂಡು ಸೇರಿದ ಮೇಲೆ ಇಳಿಯಬೇಕು. ಕೈಯಲ್ಲಿ ಕವಣೆ, ಉಡಿಯಲ್ಲಿ ಕಲ್ಲು. ಮೊದಲು ಕೂಗು, ಆಮೇಲೆ ಕಲ್ಲು. ಈ ಕ್ರಮ ತಪ್ಪುವಂತಿರಲಿಲ್ಲ. ಕೂಗಿಗೇ ಹಾರಿಹೋಗುವ ಹಕ್ಕಿಗೆ ಕಲ್ಲು ಯಾಕೆ ದಂಡ ಮಾಡಬೇಕು ಎಂಬುದು ಅತ್ತೆಯ ವಾದ. ಹಕ್ಕಿಗಳಷ್ಟೇ ಅಲ್ಲ, ಕೆಂಡದಲ್ಲಿ ಸುಟ್ಟು ಸೀತನಿ ಮಾಡಿ ತಿನ್ನುವ ಆಸೆಗೆ ಎಳೆ ತೆನೆ ಮುರಿಯಲು ನುಗ್ಗುವ ಹುಡುಗರಿಗೂ ಈ ಕ್ರಮ ಗೊತ್ತಿತ್ತು. ಕೂಗು ಕೇಳಿದ್ದೇ ತಲೆ ತಗ್ಗಿಸುತ್ತಿದ್ದರು. ತಗ್ಗಿಸದವನು ಊರಲ್ಲಿ ಒಬ್ಬನಿದ್ದ. ಅವನ ಹಣೆಯ ಗುರುತು ತೋರಿಸಿಯೇ ಉಳಿದವರಿಗೆ ಬುದ್ಧಿ ಹೇಳುತ್ತಿದ್ದರು.

ಇಪ್ಪತ್ತೈದು ವರ್ಷ ಹೀಗೆ ನಡೆಯಿತು. ಆಮೇಲೆ ನೀರು ಬಂತು, ಜೋಳ ಹೋಗಿ ಕಬ್ಬು ಬಂತು. ಕಬ್ಬಿಗೆ ಹಕ್ಕಿ ಬರುವುದಿಲ್ಲ. ಹಂದಿ ಬರುತ್ತದೆ, ಆದರೆ ಹಂದಿಗೆ ಯಾರ ದನಿಯ ಮೇಲೂ ಗೌರವವಿಲ್ಲ. ಪಕ್ಕದ ರಾವಸಾಹೇಬರ ದ್ರಾಕ್ಷಿ ತೋಟಕ್ಕೆ ಹಕ್ಕಿ ಬರುತ್ತಿದ್ದವು. ಗಿರಿಜವ್ವ ಹೋಗಿ, ಕಾಯಲೇನು ಎಂದು ಕೇಳಿದಳು. ಅವರು ಆಗಲೇ ಸಾಲಿನುದ್ದಕ್ಕೂ ಮಿಂಚುವ ರಿಬ್ಬನ್ನು ಕಟ್ಟಿಸಿಬಿಟ್ಟಿದ್ದರು.

“ರಿಬ್ಬನ್ನಿಗೆ ಚಾ ಕೊಡೂದ ಇರಂಗಿಲ್ಲ ನೋಡ ಗಿರಿಜವ್ವಾ,” ಎಂದರು ರಾವಸಾಹೇಬರು. ಅವಳಿಗೆ ಚಹಾ ಕೊಟ್ಟೇ ಕಳಿಸಿದರು.

ಹೀಗೆ ಐವತ್ತರ ವಯಸ್ಸಿಗೆ ಗಿರಿಜವ್ವನ ಕೈಕಾಲಿಗೆ ಕೆಲಸವಿತ್ತು, ದನಿಗಿರಲಿಲ್ಲ. ಮನೆಯಲ್ಲಿ ಅವಳು ಉಪ್ಪು ಕೇಳಿದರೆ ತೊಟ್ಟಿಲ ಕೂಸು ಏಳುತ್ತಿತ್ತು. ಬೆಲ್ಲ ಕೇಳಿದರೆ ರೇಡಿಯೋದಲ್ಲಿ ಹೇಳುವ ಬಜಾರದ ಧಾರಣೆ ಯಾರಿಗೂ ತಿಳಿಯುತ್ತಿರಲಿಲ್ಲ. ಸೊಸೆ ಸುಗಂಧಾ ಒಳ್ಳೆಯ ಹುಡುಗಿ, ಎಂದೂ ಎದುರಾಡಿದವಳಲ್ಲ. ದಿನಕ್ಕೆ ಇಪ್ಪತ್ತು ಸಲ “ಅತ್ತೀ, ಮೆಲ್ಲಕ” ಎನ್ನುತ್ತಿದ್ದಳು, ಅಷ್ಟೇ. ಗಿರಿಜವ್ವ ಮೆಲ್ಲಗೆ ಮಾತಾಡಲು ಕಲಿತಳು. ಮೆಲ್ಲಗೆ ಮಾತಾಡಿದರೆ ಅವಳಿಗೆ ಗಂಟಲು ನೋಯುತ್ತಿತ್ತು.

ಎಂಬತ್ತೇಳರ ಸಂಕ್ರಮಣಕ್ಕೆ ಭೀಮಗೊಂಡ ಮಾಸ್ತರರು ಹೊಲಕ್ಕೆ ಬಂದರು. ಚಿಕ್ಕೋಡಿಯ ಒಂದು ಶಾಲೆಯಲ್ಲಿ ಪಿ.ಟಿ. ಮಾಸ್ತರರು, ಸಂಜೆ ವ್ಯಾಯಾಮ ಮಂಡಳ ನಡೆಸುವವರು. ದಂಡ-ಬೈಠಕ್ ಹೊಡೆದು ಹೊಡೆದು ಬೇಜಾರಾದ ಮಂಡಳದವರು ಈ ವರ್ಷ ದೊಡ್ಡದೊಂದು ಸೈಕಲ್ ಶರ್ಯತ್ತು ಇಟ್ಟಿದ್ದರು. ನಿಪ್ಪಾಣಿಯಲ್ಲಿ ಶುರು, ಚಿಕ್ಕೋಡಿ, ರಾಯಬಾಗ, ಅಥಣಿ ಮೇಲೆ ಹಾದು ಕಾಗವಾಡದಲ್ಲಿ ಮುಕ್ತಾಯ. ಎಂಬತ್ತು ಮೈಲಿ. ಏರಿನ ಮೇಲೆ ನೀರು ಕೊಡಲು ಗಿರಿಜವ್ವನ ಬಾವಿ ಅನುಕೂಲವೆಂದು ಮಾಸ್ತರರು ಕೇಳಲು ಬಂದಿದ್ದರು.

“ಎಂಬತ್ತ ಮೈಲಿ? ಬಸ್ಸ ಬಂದ್ ಆಗೇತೇನ್ರಿ ಮಾಸ್ತರ್ರ?” ಎಂದಳು ಗಿರಿಜವ್ವ.

“ಬಸ್ಸ ಇರತಾವ ಗಿರಿಜಕ್ಕಾ. ಇದ ಮೈ ಗಟ್ಟಿ ಮಾಡಾಕ.”

“ನೀರಿಗೆ ಬೆಲ್ಲಾ ನಿಂಬಿ ಹಾಕ್ಲ್ಯೋ, ಹಂಗ ಕೊಡ್ಲ್ಯೋ?” ಎಂದು ಕೇಳಿದಳು. ಮಾಸ್ತರರಿಗೆ ಜಾಗ ಸಿಕ್ಕಿತು.

ಮರುದಿನ ಕರಿ, ಶರ್ಯತ್ತಿನ ದಿನ. ಮಧ್ಯಾಹ್ನದ ಎದುರುಗಾಳಿಯಲ್ಲಿ ಒಬ್ಬೊಬ್ಬರೇ ಬಂದರು. ಮಡ್‌ಗಾರ್ಡು, ಕ್ಯಾರಿಯರ್, ಸ್ಟ್ಯಾಂಡು, ಗಂಟೆ ಎಲ್ಲ ಬಿಚ್ಚಿದ ಸೈಕಲ್ಲುಗಳು, ಹೆಚ್ಚುಕಡಿಮೆ ಹಾಗೆಯೇ ಬಿಚ್ಚಿಕೊಂಡ ಸವಾರರು. ಮೂರನೆಯವನು ಲಗಮಣ್ಣ. ಕರೆಂಟಿನ ಕಂಬ ಹತ್ತುವ ಲೈನ್‌ಮನ್. ಕಂಬ ಹತ್ತುವವನಿಗೆ ಏರು ಹತ್ತಲಾಗಲಿಲ್ಲ. ಅರ್ಧ ದಾರಿಗೆ ಎದೆ ಸೆಟೆಸಿ, ಗಾಳಿಯನ್ನೆಲ್ಲ ತಾನೇ ಹಿಡಿದುಕೊಂಡು ನಿಂತವನಂತೆ ತೊಯ್ದಾಡಿ, ಇಳಿಯಲೆಂದು ಒಂದು ಕಾಲು ತೆಗೆದ.

ಏರು ಹತ್ತುವ ಎತ್ತು ಕೂಡ ಕೊರಳು ತಗ್ಗಿಸುತ್ತದೆ, ಈ ಮನುಷ್ಯನಿಗೆ ಅಷ್ಟೂ ತಿಳಿಯುವುದಿಲ್ಲವಲ್ಲ ಎಂದು ಗಿರಿಜವ್ವನಿಗೆ ತಡೆಯದಾಯಿತು. ಹತ್ತು ವರ್ಷದಿಂದ ಒಳಗೆ ಕೂತಿದ್ದ ದನಿ ಒಮ್ಮೆಲೇ ಎದ್ದು ಬಂತು.

“ಬಗ್ಗ್! ಬಗ್ಗಲೇ ಲೈನ್‌ಮನ್ನ್ಯಾ! ಗಾಳಿಗಿ ಎದಿ ಕೊಡಬ್ಯಾಡಾ, ಬಗ್ಗ್ ಬಗ್ಗ್ ಬಗ್ಗ್!”

ಲಗಮಣ್ಣ ಹೆದರಿ ಬಗ್ಗಿದ. ತೆಗೆದ ಕಾಲು ತಾನಾಗಿ ಪೆಡಲ್ಲಿಗೆ ಹೋಯಿತು. ನೆತ್ತಿ ತಲುಪಿದಾಗ ಅವನಿಗೆ ತಾನು ಹೇಗೆ ಬಂದೆನೆಂದು ಗೊತ್ತಿರಲಿಲ್ಲ. ಕಾಗವಾಡಕ್ಕೆ ಎರಡನೆಯವನಾಗಿ ಮುಟ್ಟಿದ. ಅಲ್ಲಿ ಹಾರ ಹಾಕಿಸಿಕೊಳ್ಳುವಾಗ, “ಹುಣಸಿ ಏರಿನ್ಯಾಗ ಒಬ್ಬಾಕಿ ಕಾಕು ಅದಾಳ್ರಿ. ಆಕಿ ಒದರಿದ್ಲಂದ್ರ ಕಂಬಾನೂ ಬಗ್ಗತಾವ,” ಎಂದು ಹೇಳಿದ.

ಮರುವರ್ಷ ಸವಾರರು ತಾವಾಗಿ ಕೇಳಿದರು. ಮಂಡಳದವರು ಹಂಚಿದ ಕಾಗದದಲ್ಲಿ ದಾರಿಯ ವಿವರ ಅಚ್ಚಾಗಿತ್ತು: ‘ಹುಣಸೆ ಏರು: ನೀರು ಮತ್ತು ಗಿರಿಜವ್ವ’. ಅವಳನ್ನು ಮಂಡಳದ ಸದಸ್ಯಳನ್ನಾಗಿಯೂ ಮಾಡಿಕೊಂಡರು. ಸೈಕಲ್ ಹತ್ತದ ಸದಸ್ಯರು ಮಂಡಳದಲ್ಲಿ ಅವಳಲ್ಲದೆ ಇನ್ನೂ ಇದ್ದರು, ಆದರೆ ಅವರು ಕಮಿಟಿಯಲ್ಲಿದ್ದರು.

ಅಲ್ಲಿಂದ ಗಿರಿಜವ್ವನಿಗೆ ವರ್ಷಕ್ಕೊಂದು ದಿನ ಸಿಕ್ಕಿತು. ಉಳಿದ ದಿನವೆಲ್ಲ ಮೆಲ್ಲಗೆ, ಆ ಒಂದು ದಿನ ಹೊಟ್ಟೆ ತುಂಬ. ಮೊದಲು ಬಂದವನಿಗೂ ಒದರುತ್ತಿದ್ದಳು, ಹೊತ್ತು ಮುಳುಗುವ ಹೊತ್ತಿಗೆ ಪಂಕ್ಚರಾದ ಸೈಕಲ್ ನೂಕಿಕೊಂಡು ಬಂದವನಿಗೂ ಒದರುತ್ತಿದ್ದಳು. ನೂಕುವವನಿಗೆ ಬಗ್ಗುವುದರಿಂದ ಏನು ಲಾಭವೆಂದು ಅವನೂ ಕೇಳಲಿಲ್ಲ. ಬಗ್ಗಿ ನೂಕಿದ.

ಎಂಬತ್ತೊಂಬತ್ತರಲ್ಲಿ ಜ್ಞಾನದೇವ ಬಂದ. ಗಡಿಯಾಚೆ ಕಾಗಲ ಕಡೆಯವನು, ತಂಬಾಕಿನ ವಖಾರಿಯಲ್ಲಿ ಚೀಲ ಹೊರುವವನು, ಮರಾಠಿ ಮನೆಮಾತು, ಕನ್ನಡ ಸಂತೆಗೆ ಬೇಕಾದಷ್ಟು. ಆ ದಿನ ಏರಿಗೆ ಲಗಮಣ್ಣ ಮುಂದೆ, ಜ್ಞಾನದೇವ ಅವನ ಹಿಂದೆ ನಾಲ್ಕು ಮಾರು. ಗಿರಿಜವ್ವ ವಾಡಿಕೆಯಂತೆ ಸೊಂಟಕ್ಕೆ ಕೈಕೊಟ್ಟು, “ಬಗ್ಗ್! ಬಗ್ಗ್!” ಎಂದು ಒದರಿದಳು.

ಲಗಮಣ್ಣ ಬಗ್ಗಿದ. ಜ್ಞಾನದೇವ ತಿರುಗಿ ಹಿಂದೆ ನೋಡಿದ. ಹಿಂದೆ ಏನೂ ಇರಲಿಲ್ಲ. ಮುಂದೆ ತಿರುಗುವಷ್ಟರಲ್ಲಿ ರಸ್ತೆ ಮುಗಿದು ತಿಪ್ಪೆ ಬಂದಿತ್ತು. ಸೈಕಲ್ಲಿನ ಮುಂದಿನ ಗಾಲಿ ಹಪ್ಪಳವಾಯಿತು, ಮೊಣಕೈ ತರಚಿತು, ಉಳಿದ ಜ್ಞಾನದೇವ ಗೊಬ್ಬರದಲ್ಲಿ ಮೆತ್ತಗೆ ಕೂತ. ತಿಪ್ಪೆ ಗಿರಿಜವ್ವನದೇ. ಅದರಿಂದ ಮುಂದೆ ಅವಳಿಗೇನೂ ಉಪಕಾರವಾಗಲಿಲ್ಲ.

“ಯಾಕೋ ತಮ್ಮಾ, ಹಿಂದ ಯಾಕ ನೋಡಿದಿ?” ಎಂದು ಅವಳು ನೀರಿನ ತಂಬಿಗೆ ಹಿಡಿದು ಓಡಿಬಂದಳು.

“ಮಾವಶೀ, ತುಮ್ಹೀಚ್ ಬಘ ಬಘ ಮ್ಹನಲಾಸಾ, ಮ್ಹನೂನ್ ಬಘಿತಲಂ!” ಎಂದ ಅವನು. ನೀವೇ ‘ನೋಡು ನೋಡು’ ಎಂದಿರಿ, ಅದಕ್ಕೇ ನೋಡಿದೆ ಎಂದು.

ಗಿರಿಜವ್ವ ತಂಬಿಗೆ ಅವನ ಕೈಗಿಟ್ಟಳು. ಅವಳಿಗೆ ಮರಾಠಿ ಬರುತ್ತಿತ್ತು. ನಿಪ್ಪಾಣಿ ಬಜಾರದಲ್ಲಿ ಬಳೆಯವನೊಡನೆ ಇಡೀ ಚೌಕಾಶಿಯನ್ನು ಮರಾಠಿಯಲ್ಲೇ ಮಾಡುತ್ತಿದ್ದಳು. ‘ಬಘ’ ಎಂದರೆ ನೋಡು ಎಂದು ಅವಳಿಗೆ ತಿಳಿದಿಲ್ಲವೆಂದಲ್ಲ. ತಾನು ಒದರಿದ್ದು ಕೇಳುವವನ ಕಿವಿಯಲ್ಲಿ ಹೋಗಿ ಬೇರೆ ಜಾತಿಯ ಮಾತಾಗಬಹುದೆಂದು ಮಾತ್ರ ತಿಳಿದಿರಲಿಲ್ಲ. ಹಕ್ಕಿಗಳಲ್ಲಿ ಈ ತೊಂದರೆ ಇರಲಿಲ್ಲ.

ಜ್ಞಾನದೇವ ಬಿದ್ದದ್ದಕ್ಕೆ ಸಿಟ್ಟಾಗಲಿಲ್ಲ. ಅವನ ಊರಿನವರು ಆದರು. ಮುದಿಹೆಂಗಸೊಬ್ಬಳನ್ನು ಏರಿನ ಮೇಲೆ ನಿಲ್ಲಿಸಿ ನಮ್ಮ ಹುಡುಗನನ್ನು ಮುದ್ದಾಂ, ಬೇಕೆಂದೇ, ಬೀಳಿಸಿದರು, ತಿಪ್ಪೆಯನ್ನೂ ಅಳತೆ ಮಾಡಿಯೇ ಹಾಕಿದ್ದಾರೆ ಎಂದು ಮಂಡಳಕ್ಕೆ ಪತ್ರ ಬರೆದರು. ಆ ಮಾತು ಕೇಳಿ ಗಿರಿಜವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಸೀರೆ ಬದಲಿಸಿ, ಕಮಿಟಿ ಸೇರುವ ದಿನ ಚಿಕ್ಕೋಡಿಗೆ ಹೋಗಿ ಶಾಲೆಯ ಬಾಗಿಲ ಹತ್ತಿರ ಕೂತಳು.

ಮಂಡಳದ ಕಾರ್ಯದರ್ಶಿ ಶಾಂತಿನಾಥ. ಗಿರಿಜವ್ವನ ಊರಿನವನೇ, ಸೈಕಲ್ ಅಂಗಡಿಯವನು, ಕಾಯಿದೆಯ ಮನುಷ್ಯ, ತಲೆಯ ಮೇಲೆ ಸದಾ ಟೋಪಿ. “ಕಾಕು ನೀರ ಕೊಡಲಿ. ಬಾಯಿ ಮಾಡೂದ ಬ್ಯಾಡ. ಇಷ್ಟ ನನ್ನ ಸೂಚನಾ,” ಎಂದ.

“ಬಾಯಿ ಮುಚಗೊಂಡ ನೀರ ಕೊಡಾಕ ನಾ ಏನ ನಳಾ ಅದೀನೇನೋ ಶಾಂತೂ?” ಎಂದಳು ಗಿರಿಜವ್ವ ಬಾಗಿಲಿಂದ. ಮೆಲ್ಲಗೆ ಹೇಳಿದ್ದಳು. ಕಿಟಕಿಯ ಗಾಜು ಒಂದಿಷ್ಟು ನಡುಗಿತು.

ಭೀಮಗೊಂಡ ಮಾಸ್ತರರು ನಡುವೆ ಬಂದರು. ಕನ್ನಡದವರಿಗೂ ಮರಾಠಿಯವರಿಗೂ ಬಾಧಕವಿಲ್ಲದ ಒಂದು ಶಬ್ದ ಹುಡುಕೋಣ, ಗಿರಿಜವ್ವ ಅದನ್ನೇ ಒದರಲಿ ಎಂದರು. ಕಮಿಟಿ ಎರಡು ತಾಸು ಹುಡುಕಿತು. ‘ಹಾಣ್’ ಎಂದರೆ ಹೊಡಿ ಎಂದು, ಯಾರಾದರೂ ಯಾರಿಗಾದರೂ ಹೊಡೆದರೆ ಜವಾಬ್ದಾರಿ ಯಾರದು ಎಂದು ಕೈಬಿಟ್ಟರು. ‘ಶಾಬಾಸ್’ ಗೆದ್ದ ಮೇಲೆ ಹೇಳುವ ಮಾತು, ಏರಿನ ನಡುವೆ ಹೇಳಿದರೆ ಅಣಕವಾಗುತ್ತದೆ. ಮಂಗಸೂಳಿ ಮಲ್ಲಯ್ಯನ ‘ಏಳಕೋಟ’ ಎರಡೂ ಕಡೆಯವರಿಗೆ ಗೊತ್ತಿದ್ದ ಕೂಗು, ಎಲ್ಲರೂ ಒಪ್ಪಿದರು. ಆಮೇಲೆ ಒಬ್ಬರಿಗೆ ನೆನಪಾಯಿತು: ಏಳಕೋಟ ಕೇಳಿದ ಭಕ್ತರು ಎರಡೂ ಕೈ ಮೇಲೆತ್ತುತ್ತಾರೆ. ಏರಿನಲ್ಲಿ ಹ್ಯಾಂಡಲ್ ಬಿಟ್ಟರೆ ಮತ್ತೆ ತಿಪ್ಪೆಯೇ.

ಕಡೆಗೆ ‘ಚಲೋ’ ಸಿಕ್ಕಿತು. ಕನ್ನಡದವರೂ ಆಡುತ್ತಾರೆ, ಆ ಕಡೆಯವರಿಗೂ ತಿಳಿಯುತ್ತದೆ. ಠರಾವು ಸರ್ವಾನುಮತದಿಂದ ಪಾಸಾಯಿತು. ಗಿರಿಜವ್ವನಿಗೆ ಏನೋ ಕೇಳಬೇಕೆನ್ನಿಸಿತು. ಆದರೆ ಏರು ಉಳಿಯಿತಲ್ಲ ಎಂದು ಸುಮ್ಮನಾದಳು.

ತೊಂಬತ್ತರ ಕರಿಯ ದಿನ ಲಗಮಣ್ಣ ಎಲ್ಲರಿಗಿಂತ ಮುಂದಿದ್ದ. ಮಾರು ದೂರದಲ್ಲಿ ಜ್ಞಾನದೇವ, ಹೊಸ ಗಾಲಿ ಹಾಕಿಸಿಕೊಂಡು. “ಚಲೋ! ಚಲೋ! ಚಲೋ!” ಎಂದು ಗಿರಿಜವ್ವ ಹೊಟ್ಟೆಯೊಳಗಿಂದ ಒದರಿದಳು.

ನಮ್ಮ ಕಡೆ ಚಲೋ ಎಂದರೆ ಒಳ್ಳೆಯದು. ಕಾಕು ಚಲೋ ಅಂದಳು, ಅಂದರೆ ಎಲ್ಲ ಚಲೋ ಇದೆ ಎಂದು ಲಗಮಣ್ಣನಿಗೆ ಸಮಾಧಾನವಾಯಿತು. ಉಸಿರು ಬಿಟ್ಟ, ಕಾಲು ಸಡಿಲ ಮಾಡಿದ, ನೆತ್ತಿಯ ಮೇಲೆ ನಿಂತು ಬೆಲ್ಲದ ನೀರು ಕುಡಿದು ಮುಖ ಒರೆಸಿಕೊಂಡ. ಜ್ಞಾನದೇವನಿಗೆ ಚಲೋ ಎಂದರೆ ನಡಿ. ಅವನು ನಡೆದ. ಲಗಮಣ್ಣ ತಂಬಿಗೆ ಕೆಳಗಿಡುವಷ್ಟರಲ್ಲಿ ಅವನ ಬೆನ್ನೂ ಕಾಣಲಿಲ್ಲ. ಕಾಗವಾಡದಲ್ಲಿ ಹಾರ ಜ್ಞಾನದೇವನಿಗೆ ಬಿತ್ತು.

ಈ ಸಲ ಪತ್ರ ಬರೆದವರು ಇತ್ತ ಕಡೆಯವರು. ಶಬ್ದ ಇಬ್ಬರಿಗೂ ಅರ್ಥವಾಗಬೇಕೆಂದು ಕಮಿಟಿ ಬಯಸಿತ್ತು. ಇಬ್ಬರಿಗೂ ಅರ್ಥವಾಗಿತ್ತು, ದೂರಿಗೆ ಕಾರಣವೂ ಅದೇ.

ಆ ಮಳೆಗಾಲದಲ್ಲಿ ಭೀಮಗೊಂಡ ಮಾಸ್ತರರು ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದರು. ಹೊರದೇಶದಲ್ಲಿ ಜನ ಮೊದಲು ಈಸಿ, ಆಮೇಲೆ ಸೈಕಲ್ ಹೊಡೆದು, ಮೇಲೆ ಓಡುತ್ತಾರಂತೆ, ಎಲ್ಲ ಒಂದೇ ದಿನ. ನಮ್ಮಲ್ಲಿ ನದಿ ಇಲ್ಲವೇ, ರಸ್ತೆ ಇಲ್ಲವೇ ಎಂದು ಮಾಸ್ತರರಿಗೆ ಹುರುಪು ಬಂತು. ತೊಂಬತ್ತೊಂದರ ಶರ್ಯತ್ತು ಹಾಗೇ ಎಂದು ನಿಶ್ಚಯವಾಯಿತು: ಸದಲಗಾದ ಹತ್ತಿರ ದೂಧಗಂಗೆಯಲ್ಲಿ ಈಸುವುದು, ಅಲ್ಲಿಂದ ಚಿಕ್ಕೋಡಿ, ರಾಯಬಾಗ, ಅಥಣಿ ಮೇಲೆ ಕಾಗವಾಡದವರೆಗೆ ಸೈಕಲ್, ಅಲ್ಲಿಂದ ತಿರುಗಿ ಮಂಗಸೂಳಿಯ ಗುಡಿಯವರೆಗೆ ಓಟ. ಹೆಸರು ಕೊಟ್ಟವರು ಹನ್ನೊಂದು ಮಂದಿ. ಹುಣಸೆ ಏರು ಈ ದಾರಿಯಲ್ಲೂ ಬರುತ್ತಿತ್ತು.

ಸಂಕ್ರಮಣಕ್ಕೆ ಎಂಟು ದಿನ ಇರುವಾಗ ಮಾಸ್ತರರು ಕಮಿಟಿಯ ಕಾಗದ ಹಿಡಿದು ಹೊಲಕ್ಕೆ ಬಂದರು. ಗಿರಿಜವ್ವನ ಮುಖ ನೋಡಲಾಗದೆ ಹುಣಸೆಮರ ನೋಡುತ್ತ ಓದಿದರು: “ಗಿರಿಜವ್ವ ಇವರು ನೀರು ಕೊಡಬಹುದು. ಯಾವುದೇ ಭಾಷೆಯ ಯಾವುದೇ ಮಾತನ್ನು ಆಡತಕ್ಕದ್ದಲ್ಲ. ತಪ್ಪಿದಲ್ಲಿ ನೀರಿನ ವ್ಯವಸ್ಥೆಯನ್ನು ಬೇರೆಡೆಗೆ ಒಯ್ಯಲಾಗುವುದು.”

ಸುಗಂಧಾ ಹೊಲದ ಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅತ್ತೆಗೆ ವರ್ಷಕ್ಕೆ ಉಳಿದದ್ದು ಆ ಒಂದು ದಿನ, ಅದೂ ಹೋಯಿತೆಂದು ಅವಳಿಗೆ ತಿಳಿಯಿತು. “ಅತ್ತಿ ಮನಿಯಾಗ ಬೇಕಾದಷ್ಟ ಒದರಲ್ರಿ ಮಾಸ್ತರ್ರ, ನಾ ಏನೂ ಅನ್ನೂದಿಲ್ಲ,” ಎಂದಳು.

“ಇನ್ನೊಮ್ಮಿ ಓದ್ರಿ,” ಎಂದಳು ಗಿರಿಜವ್ವ ಮಾಸ್ತರರಿಗೆ.

ಓದಿದರು.

“ಇನ್ನೊಮ್ಮಿ.”

ಮೂರನೆಯ ಸಲವೂ ಓದಿದರು. ಅಕ್ಷರ ಬಾರದವಳು ಕಣ್ಣು ಮುಚ್ಚಿ ಒಂದೊಂದು ಶಬ್ದವನ್ನೂ ಕಿವಿಯಲ್ಲಿ ಹಿಡಿದುಕೊಂಡಳು.

“ಮಾತ ಅಂತ ಬರದೈತೋ, ದನಿ ಅಂತ ಬರದೈತ್ರಿ?”

ಮಾಸ್ತರರು ಕಾಗದ ಹತ್ತಿರ ಹಿಡಿದು ನೋಡಿದರು. “ಮಾತ ಅಂತ ಐತಿ.”

“ಹಂಗಾದ್ರ ಆತ್ರಿ. ನಿಂಬಿಹಣ್ಣ ಕಳಸ್ರಿ,” ಎಂದಳು ಗಿರಿಜವ್ವ.

ಕರಿಯ ದಿನ ಕಾಯಿದೆ ಪಾಲನೆಯಾಗುತ್ತದೋ ಇಲ್ಲವೋ ನೋಡಲು ಶಾಂತಿನಾಥನೇ ತನ್ನ ಲೂನಾ ಹತ್ತಿ ಬಂದು ಹುಣಸೆಯ ನೆರಳಲ್ಲಿ ನಿಂತ. ಗಿರಿಜವ್ವ ಅವನಿಗೂ ಒಂದು ಲೋಟ ಬೆಲ್ಲದ ನೀರು ಕೊಟ್ಟಳು. ಮಾತಾಡಲಿಲ್ಲ. ಶಾಂತಿನಾಥ ‘ಕುಂದ್ರ ಕಾಕು’ ಎಂದರೂ ಬಾಯಿ ಬಿಡಲಿಲ್ಲ. ಅವನಿಗೆ ಇದು ಬಹಳ ಕಾಯಿದೆಯಾಯಿತು ಅನ್ನಿಸತೊಡಗಿತು.

ಮೊದಲು ಒಬ್ಬ ತೆಳ್ಳಗಿನವನು ಬಂದ. ಏದುಸಿರಿಲ್ಲ, ಏರಿನಲ್ಲಿ ಇಳಿಯಲಿಲ್ಲ, ನೀರು ಕೇಳಲಿಲ್ಲ. ಹಾಲು ಹಾಕುವವನಿರಬೇಕೆಂದು ಇಬ್ಬರೂ ಅವನನ್ನು ಲಕ್ಷಿಸಲಿಲ್ಲ.

ಆಮೇಲೆ ಲಗಮಣ್ಣ ಮತ್ತು ಜ್ಞಾನದೇವ ಜೊತೆಯಾಗಿ ಕಂಡರು. ಲಗಮಣ್ಣನ ಕಿವಿಗೆ ದೂಧಗಂಗೆಯ ಪಾಚಿ ಅಂಟಿಕೊಂಡಿತ್ತು. ಜ್ಞಾನದೇವನ ಚಡ್ಡಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು, ತುಟಿ ನೇರಳೆ. ಏರಿನ ಬುಡಕ್ಕೆ ಬಂದರು. ಎದುರುಗಾಳಿ ಹೊಡೆಯಿತು. ಇಬ್ಬರೂ ಎದೆ ಸೆಟೆಸಿ, ಹ್ಯಾಂಡಲ್ ಅತ್ತಿತ್ತ ಆಡಿಸುತ್ತ ತೊಯ್ದಾಡಿದರು. ಇಬ್ಬರೂ ನೆತ್ತಿಯ ಕಡೆ ನೋಡಿದರು. ಅಲ್ಲಿ ಗಿರಿಜವ್ವ ಸುಮ್ಮನೆ ನಿಂತಿದ್ದಳು. ಅರ್ಧ ಏರಿಗೆ ಲಗಮಣ್ಣ ಕಾಲು ತೆಗೆದ. ಅವನನ್ನು ನೋಡಿ ಜ್ಞಾನದೇವನೂ ತೆಗೆದ.

ಗಿರಿಜವ್ವ ತಂಬಿಗೆ ಕೆಳಗಿಟ್ಟಳು. ಸೆರಗು ಬಿಗಿದು ಬದುವಿನ ಮೇಲೆ ಹತ್ತಿದಳು. ಬಲಗೈ ತಲೆಯ ಮೇಲೆತ್ತಿ ಕವಣೆ ಬೀಸುವಂತೆ ಒಂದು ಸುತ್ತು ಬೀಸಿದಳು. ಕೈಯಲ್ಲಿ ಏನೂ ಇರಲಿಲ್ಲ.

“ಹೋ... ಹೊಹೊಹೋ... ಹೊರ್ರ್ಯಾ...!”

ರಾವಸಾಹೇಬರ ತೋಟದಲ್ಲಿ ರಿಬ್ಬನ್ನಿನ ಮೇಲೆಯೇ ಕೂತಿದ್ದ ಗಿಳಿಗಳೆಲ್ಲ ಒಮ್ಮೆಲೇ ಎದ್ದವು. ಏರಿನಲ್ಲಿ ಲಗಮಣ್ಣ ಕೊರಳು ತಗ್ಗಿಸಿ ಹ್ಯಾಂಡಲ್ಲಿಗೆ ಗದ್ದ ಹಚ್ಚಿದ. ಜ್ಞಾನದೇವನೂ ತಗ್ಗಿಸಿದ, ಲಗಮಣ್ಣನಿಗಿಂತ ಕೆಳಗೆ. ಕಾಗಲ ಕಡೆ ಸೀತನಿಗೆ ಹುರಡಾ ಎನ್ನುತ್ತಾರೆ, ಆದರೆ ಜೋಳ ಜೋಳವೇ, ಕೂಗಿನ ಹಿಂದೆ ಬರುವ ಕಲ್ಲೂ ಕಲ್ಲೇ. ಗಾಳಿ ಇಬ್ಬರ ಬೆನ್ನ ಮೇಲಿಂದ ಹಾದುಹೋಯಿತು. ಕಲ್ಲು ಬರುವ ಮೊದಲು ಹೊಲ ದಾಟಬೇಕೆಂಬ ಹಳೆಯ ಅವಸರ ಕಾಲಿಗೆ ಬಂತು. ಇಬ್ಬರೂ ಒಟ್ಟಿಗೆ ನೆತ್ತಿ ಮುಟ್ಟಿ, ನೀರನ್ನೂ ಕೇಳದೆ ಇಳಿಜಾರಿನಲ್ಲಿ ಮರೆಯಾದರು.

ಗಿರಿಜವ್ವ ಬದುವಿನಿಂದ ಇಳಿದು ನೋಡಿದಾಗ ಶಾಂತಿನಾಥ ಲೂನಾದ ಹಿಂದೆ ಕುಕ್ಕರಗಾಲಲ್ಲಿ ಕೂತು ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದ. ಟೋಪಿ ಕೆಳಗೆ ಬಿದ್ದಿತ್ತು. ಹಣೆಯ ಮೇಲಿನ ಹಳೆಯ ಗುರುತು ಚೆನ್ನಾಗಿ ಕಾಣುತ್ತಿತ್ತು.

ಅವನು ಎದ್ದು ಟೋಪಿ ಝಾಡಿಸಿಕೊಂಡ. ಜೇಬಿನಿಂದ ಕಾಗದ ತೆಗೆದ. ‘ಮಾತು: ಇಲ್ಲ’ ಎಂದು ಬರೆದ. “ಕಾಕೂ, ಇನ್ನ ಒಂಬತ್ತ ಮಂದಿ ಬರೂದೈತಿ,” ಎಂದು ಲೂನಾವನ್ನು ಸ್ವಲ್ಪ ಆಚೆ ಸರಿಸಿಕೊಂಡು ನಿಂತ.

ಬಂದವರು ಎಂಟೇ ಮಂದಿ. ಎಂಟು ಮಂದಿಗೂ ಗಿರಿಜವ್ವ ಒದರಿದಳು. ಮನೆಯಲ್ಲಿ ತೊಟ್ಟಿಲ ಕೂಸು ಈಗ ಓಡಾಡುವ ಹುಡುಗಿಯಾಗಿತ್ತು. ಅವಳು ಸುಗಂಧಾಳ ಸೆರಗು ಹಿಡಿದು ಬಂದು ಬದುವಿನ ಕೆಳಗೆ ನಿಂತು, ಪ್ರತಿ ಕೂಗಿಗೂ ತಲೆ ತಗ್ಗಿಸಿ ನಕ್ಕಳು. ಸುಗಂಧಾ ಆ ದಿನ ‘ಮೆಲ್ಲಕ’ ಅನ್ನಲಿಲ್ಲ.

ಮಂಗಸೂಳಿಯಲ್ಲಿ ಗೆದ್ದವನು ಸದಲಗಾದ ಭರಮು. ಹಾಲು ಹಾಕುವವನೇ. ಹೊತ್ತಿಗೆ ಸರಿಯಾಗಿ ಹೋಗಿ ಹೊತ್ತಿಗೆ ಸರಿಯಾಗಿ ಬರುವುದು ಅವನಿಗೆ ದಿನದ ರೂಢಿ. ಲಗಮಣ್ಣ, ಜ್ಞಾನದೇವ ಎರಡನೆಯವರೋ ಮೂರನೆಯವರೋ ಎಂದು ತೀರ್ಮಾನವಾಗಲಿಲ್ಲ. ಇಬ್ಬರೂ ಗುಡಿಯ ಮೆಟ್ಟಿಲ ಮೇಲೆ ಒಟ್ಟಿಗೆ ಬಿದ್ದಿದ್ದರಂತೆ, ಯಾರೋ ಇಬ್ಬರ ಮೇಲೂ ಭಂಡಾರದ ಅರಿಶಿನ ಚೆಲ್ಲಿದ ಮೇಲೆ ಯಾರು ಯಾರೆಂದು ಗುರುತು ಹತ್ತಲಿಲ್ಲವಂತೆ. ಆ ವರ್ಷ ಯಾವ ಕಡೆಯಿಂದಲೂ ಪತ್ರ ಬರಲಿಲ್ಲ.

ಮರುದಿನ ಮಧ್ಯಾಹ್ನ ಜ್ಞಾನದೇವ ಊರಿಗೆ ಹೋಗುವ ದಾರಿಯಲ್ಲಿ ಹುಣಸೆಯ ಬುಡಕ್ಕೆ ಸೈಕಲ್ ಒರಗಿಸಿದ. ಕಿವಿಯ ಹಿಂದೆ ಇನ್ನೂ ಅರಿಶಿನವಿತ್ತು. ಗಿರಿಜವ್ವ ನೀರು ತಂದುಕೊಟ್ಟಳು. ಅವನು ಕುಡಿದು, ಸುತ್ತ ನೋಡಿ, ತನ್ನ ಸಂತೆಯ ಕನ್ನಡದಲ್ಲಿ ಕೇಳಿದ.

“ಮಾವಶೀ, ಕವಣಿ ಎಲ್ಲಿ ಇಟ್ಟೀರಿ?”

“ಕವಣಿ ಇಲಿ ಕಡದ ಹತ್ತ ವರ್ಷ ಆತಪಾ.”

ಜ್ಞಾನದೇವ ಖಾಲಿ ತಂಬಿಗೆ ಮುಂದೆ ಚಾಚಿದ. “ಮತ್ತ ನಿನ್ನಿ ನಾ ಯಾಕ ಬಗ್ಗಿದೆ?”

“ಬಗ್ಗ್ ಅಂತ ನಾ ನಿನಗ ಎರಡ ವರ್ಷದ ಹಿಂದ ಹೇಳಿದ್ನೆಪಾ,” ಎಂದಳು ಗಿರಿಜವ್ವ, ಮತ್ತು ತಂಬಿಗೆ ಇಸಿದುಕೊಂಡಳು. “ನೀ ಹಿಂದ ನೋಡಿದಿ.”